ಬಡಾವಣೆಯ ಉದ್ಯಾನಕ್ಕೆ ಗುತ್ತಿಗೆದಾರರನ್ನು ಆಯ್ಕೆ ಮಾಡುವುದು ಹೇಗೆ? ಚಿಕ್ಕಮಗಳೂರಿನ ನಿವಾಸಿಗಳಿಗೊಂದು ಮಾರ್ಗದರ್ಶಿ

ನಮ್ಮ ಬಡಾವಣೆಯ ಉದ್ಯಾನದ ಅಂದಾಜುಪಟ್ಟಿಯನ್ನು ನಾವು ನಿವಾಸಿಗಳು ಮೊದಲ ಬಾರಿಗೆ ಕೈಗೆತ್ತಿಕೊಂಡು ಓದಿದ್ದು ಉದ್ಘಾಟನೆ ಮುಗಿದು ಒಂದು ಬೇಸಿಗೆ ಕಳೆದ ಮೇಲೆ. ಒಟ್ಟು 11 ಪುಟಗಳಿದ್ದ ಆ ಪಟ್ಟಿಯಲ್ಲಿ ತಂತಿಬೇಲಿಯ ಕಂಬಕ್ಕೆ ಗುಂಡಿ ತೋಡುವುದರಿಂದ ಹಿಡಿದು ಕಮಾನಿನ ಮೇಲೆ ಹೆಸರು ಬರೆಸುವವರೆಗೆ ಪ್ರತಿಯೊಂದಕ್ಕೂ ಅಳತೆ, ದರ, ಮೊತ್ತ ಎಲ್ಲವೂ ಇದ್ದವು. ಗಿಡಗಳ ಪಾಲಿಗೆ ಇದ್ದದ್ದು ಒಂದೇ ಸಾಲು: ಸಸಿಗಳನ್ನು ಸರಬರಾಜು ಮಾಡಿ ನೆಡುವುದು, 120 ಸಂಖ್ಯೆ. ಸಸಿ ಎಷ್ಟು ಎತ್ತರ ಇರಬೇಕು, ಗುಂಡಿ ಎಷ್ಟು ಆಳ ಇರಬೇಕು, ಎಷ್ಟು ಗೊಬ್ಬರ ಹಾಕಬೇಕು, ನೆಟ್ಟ ಮೇಲೆ ನೀರು ಹಾಕುವವರು ಯಾರು, ಸತ್ತರೆ ಬದಲಿ ಸಸಿ ಕೊಡುವವರು ಯಾರು ಎಂಬುದರ ಸುಳಿವೇ ಅಲ್ಲಿರಲಿಲ್ಲ. ಚರಂಡಿ, ಕಾಂಕ್ರೀಟ್ ರಸ್ತೆಗಳ ಕೆಲಸದಲ್ಲಿ ಪಳಗಿದ್ದ ಗುತ್ತಿಗೆದಾರರು ಕಾಗದದಲ್ಲಿ ಇದ್ದಷ್ಟನ್ನು ಅಚ್ಚುಕಟ್ಟಾಗಿಯೇ ಮಾಡಿ, ಬಿಲ್ಲು ಪಡೆದು ಹೋಗಿದ್ದರು. ಮಾರ್ಚ್ ಮುಗಿಯುವ ಹೊತ್ತಿಗೆ ನಾವು ಎಣಿಸಿದಾಗ ಉಳಿದಿದ್ದ ಸಸಿಗಳು 30ಕ್ಕೂ ಕಡಿಮೆ.

ಅವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಉದ್ಯಾನಕ್ಕೆ ಯಾರು ಬರುತ್ತಾರೆ ಎಂಬುದು ಟೆಂಡರ್ ತೆರೆಯುವ ದಿನಕ್ಕಿಂತ ಬಹಳ ಮೊದಲೇ, ಅಂದಾಜುಪಟ್ಟಿ ಬರೆಯುವ ಮೇಜಿನ ಮೇಲೆಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ ಎಂಬುದು ಆ 11 ಪುಟ ಓದಿದಾಗ ನಮಗೆ ತಿಳಿಯಿತು. ಆದ್ದರಿಂದ ಈ ಲೇಖನವು ನಗರಸಭೆಯ ಉದ್ಯಾನ ಕಾಮಗಾರಿಯೊಂದು ಸಾಗುವ ದಾರಿಯನ್ನು ಆರಂಭದಿಂದ ವಿವರಿಸುತ್ತದೆ, ಹಾಗೂ ನಿವಾಸಿಗಳು ಎಲ್ಲೆಲ್ಲಿ ಕೈ ಹಾಕಬಹುದು ಎಂಬುದನ್ನು ತೋರಿಸುತ್ತದೆ.

ಮೊದಲು ಜಾಗದ ಕಾಗದ

ಯಾವ ಮನವಿಯನ್ನು ಬರೆಯುವುದಕ್ಕೂ ಮುಂಚೆ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿಕೊಳ್ಳಿ. ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಉದ್ಯಾನವೆಂದು ಹಸಿರು ಬಣ್ಣ ಬಳಿದಿದ್ದರೆ ಅಷ್ಟೇ ಸಾಲದು. ಬಡಾವಣೆಯನ್ನು ನಗರಾಭಿವೃದ್ಧಿ ಪ್ರಾಧಿಕಾರ ಮಾಡಿದ್ದರೆ ಅದು ನಗರಸಭೆಗೆ ಹಸ್ತಾಂತರವಾಗಿರಬೇಕು. ಖಾಸಗಿ ಬಡಾವಣೆಯಾಗಿದ್ದರೆ ಉದ್ಯಾನದ ಜಾಗವನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರವಿರಬೇಕು. ಹಸ್ತಾಂತರವಾಗದ ಜಾಗಕ್ಕೆ ನಗರಸಭೆಯ ಹಣ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆಂದು ಅಭಿಯಂತರರು ಕಡತವನ್ನು ಬದಿಗಿಡುತ್ತಾರೆ, ಮತ್ತು ಅವರ ಅಂಜಿಕೆ ಸುಳ್ಳಲ್ಲ. ಜಾಗಕ್ಕೆ ಕಾನೂನಿನ ಬೆಂಬಲ ಬೇಕಾದವರು ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿಯೇ ಇರುವ 1985ರ ಕರ್ನಾಟಕ ಕಾಯ್ದೆಯನ್ನು ಉಲ್ಲೇಖಿಸಬಹುದು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ರದ್ದುಗೊಳಿಸಿದ ತೀರ್ಪನ್ನೂ ಇಂಥ ಮನವಿಗಳಲ್ಲಿ ಉಲ್ಲೇಖಿಸುವುದುಂಟು.

ಹಣದ ಮೂಲ ಯಾವುದು?

ಕಾಮಗಾರಿ ನಗರಸಭೆಯ ಸ್ವಂತ ನಿಧಿಯದೋ, ರಾಜ್ಯ ಹಣಕಾಸು ಆಯೋಗದ ಅನುದಾನದ್ದೋ, ರಾಜ್ಯದ ನಗರೋತ್ಥಾನ ಯೋಜನೆಯದ್ದೋ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯದೋ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಅನುಮೋದನೆ ಕೊಡುವವರೂ ಕೆಲಸ ಮಾಡಿಸುವ ಸಂಸ್ಥೆಯೂ ಅದರ ಮೇಲೆ ಬದಲಾಗುತ್ತವೆ. 2015ರಲ್ಲಿ ಆರಂಭವಾದ ಕೇಂದ್ರದ ಅಮೃತ್ ಯೋಜನೆಯಲ್ಲಿ ಚಿಕ್ಕಮಗಳೂರು, ಹಾಸನಗಳೂ ಸೇರಿದ್ದವು. ಕುಡಿಯುವ ನೀರು, ಒಳಚರಂಡಿಗಳೇ ಮುಖ್ಯವಾಗಿದ್ದ ಆ ಯೋಜನೆಯಲ್ಲಿ ಹಸಿರು ತಾಣಗಳಿಗೆ ಗರಿಷ್ಠ ಶೇ 2.5ರಷ್ಟು ಪಾಲಿತ್ತು. ಸಣ್ಣ ಪಾಲೆನಿಸಿದರೂ ಊರುಗಳಲ್ಲಿ ಎಷ್ಟೋ ಉದ್ಯಾನಗಳು ಅದರಿಂದ ಆದವು.

ನಗರಸಭೆಯ ನಿಧಿಯದಾದರೆ ಕಾಮಗಾರಿಯು ಕ್ರಿಯಾಯೋಜನೆಯಲ್ಲಿ ಸೇರಿ, ಸಾಮಾನ್ಯ ಸಭೆಯ ಒಪ್ಪಿಗೆ ಪಡೆಯಬೇಕು. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆ ಅಧಿಕಾರ ಆಡಳಿತಾಧಿಕಾರಿಗೆ, ಎಂದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗೆ ಹೋಗುತ್ತದೆ. ಅನುದಾನದ ಕ್ರಿಯಾಯೋಜನೆಗಳು ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಸಾಗುತ್ತವೆ. ವಾರ್ಡಿನ ಸದಸ್ಯರಿಗೆ ಮನವಿ ಕೊಡುವಾಗ ಅದರ ಒಂದು ಪ್ರತಿಯನ್ನು ಪೌರಾಯುಕ್ತರಿಗೂ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮುಂದೆ ಎಲ್ಲ ವಿಚಾರಣೆಗಳಿಗೂ ಆ ಮುದ್ರೆಯ ಮೇಲಿನ ದಿನಾಂಕವೇ ಆಧಾರ.

ಅಂದಾಜುಪಟ್ಟಿ

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಕಿರಿಯ ಅಭಿಯಂತರರು ಸ್ಥಳ ನೋಡಿ, ಅಳತೆ ಹಿಡಿದು, ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಆಧಾರದ ಮೇಲೆ ಅಂದಾಜು ತಯಾರಿಸುತ್ತಾರೆ. ನಂತರ ಅದಕ್ಕೆ ಮೊತ್ತಕ್ಕೆ ತಕ್ಕ ದರ್ಜೆಯ ಅಭಿಯಂತರರಿಂದ ತಾಂತ್ರಿಕ ಮಂಜೂರಾತಿ ದೊರೆಯುತ್ತದೆ. ಕಚೇರಿಯ ಮಾತಿನಲ್ಲಿ ಎಸ್.ಆರ್. ಎನ್ನುವ ಈ ದರಪಟ್ಟಿಯಲ್ಲಿ ಕಲ್ಲು, ಸಿಮೆಂಟು, ಕಬ್ಬಿಣ, ಮಣ್ಣು ಕೆಲಸಗಳಿಗೆ ಸಿದ್ಧವಾದ ಸಾಲುಗಳಿವೆ. ಗಿಡ, ಹುಲ್ಲುಹಾಸು, ಮಾಲಿಯ ಕೂಲಿಗಳಿಗೆ ತೋಟಗಾರಿಕೆ ಇಲಾಖೆಯ ದರ ತರಿಸಬೇಕು, ಅದಕ್ಕೆ ಪತ್ರ ಬರೆಯಬೇಕು, ಕಾಯಬೇಕು. ಕೆಲಸದ ಒತ್ತಡದಲ್ಲಿರುವ ಅಭಿಯಂತರರು ಸಿದ್ಧವಿರುವ ಸಾಲುಗಳನ್ನೇ ಹೆಚ್ಚು ಬಳಸುವುದು ಸಹಜ. ನಮ್ಮ ಉದ್ಯಾನಗಳಲ್ಲಿ ನೆಲಹಾಸು ಕಲ್ಲು ಹೆಚ್ಚಾಗಿ ನೆರಳು ಕಡಿಮೆಯಾಗಲು ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಆದ್ದರಿಂದ ಅಭಿಯಂತರರು ಸ್ಥಳಕ್ಕೆ ಬಂದ ದಿನ ನಿವಾಸಿಗಳಲ್ಲಿ ಇಬ್ಬರಾದರೂ ಅಲ್ಲಿರಬೇಕು, ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಬೇಕು. ಸಸಿಗಳಿಗೆ ಕನಿಷ್ಠ ಎತ್ತರ, ಗುಂಡಿಯ ಅಳತೆ, ಆಸರೆಗೂಟ, ದನ ತಿನ್ನದಂತೆ ಕಾವಲು ಇವುಗಳನ್ನು ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಾಗಿ ಸೇರಿಸಬೇಕೆಂದು ಕೇಳಿ. ನೀರಿನ ಮೂಲ ಮೊದಲೇ ಇರಲಿ. ಕೊಳವೆಬಾವಿ ತೆಗೆಸಿ ಅದಕ್ಕೆ ವಿದ್ಯುತ್ ಸಂಪರ್ಕದ ಅಂದಾಜನ್ನು ಬಿಟ್ಟುಬಿಡುವುದು ಹೊಸದೇನಲ್ಲ. ರತ್ನಗಿರಿ ಬೋರೆಯ ಸುತ್ತಲಿನಂಥ ಇಳಿಜಾರಿನಲ್ಲಿ ಜಾಗವಿದ್ದರೆ ಮಳೆನೀರು ಹರಿದುಹೋಗುವ ದಾರಿಯನ್ನು ಕಾಲುದಾರಿಗಿಂತ ಮೊದಲು ಗುರುತಿಸಿಕೊಳ್ಳಬೇಕು, ಇಲ್ಲದಿದ್ದರೆ ಜುಲೈ ಮಳೆಗೆ ಮೇಲ್ಮಣ್ಣು, ಹುಲ್ಲುಹಾಸು ಎರಡೂ ಕೆಳಗಿನ ಬೀದಿಗೆ ಬಂದು ಬೀಳುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿರ್ವಹಣೆಯ ಸಾಲು. ಕಾಮಗಾರಿ ಮುಗಿದ ಮೇಲೆ 2 ವರ್ಷ ಉದ್ಯಾನವನ್ನು ನಿರ್ವಹಿಸುವುದನ್ನು ಅದೇ ಗುತ್ತಿಗೆಯ ಭಾಗವಾಗಿಸಿ, ತಿಂಗಳಿಗಿಷ್ಟು ಎಂದು ಪ್ರತ್ಯೇಕ ದರ ಕೇಳಿ, ಬದುಕಿರುವ ಸಸಿಗಳನ್ನು ಎಣಿಸಿ ಹಣ ಕೊಡುವಂತೆ ಷರತ್ತು ಹಾಕಿದರೆ, ಟೆಂಡರಿಗೆ ಬರುವವರೇ ಬದಲಾಗುತ್ತಾರೆ. ಮಾಲಿಗಳನ್ನು ಇಟ್ಟುಕೊಂಡಿರುವವರು ಧೈರ್ಯವಾಗಿ ದರ ಹಾಕುತ್ತಾರೆ. ಕಾಂಕ್ರೀಟ್ ಹಾಕಿ ಹೊರಡುವವರು ಹಿಂದೆ ಸರಿಯುತ್ತಾರೆ ಅಥವಾ ತೋಟಗಾರಿಕೆ ಬಲ್ಲವರನ್ನು ಜೊತೆ ಮಾಡಿಕೊಳ್ಳುತ್ತಾರೆ. ಯಾರ ಮೇಲೂ ಅನುಮಾನ ಪಡದೆ, ಯಾರನ್ನೂ ಹೊರಗಿಡದೆ ಉದ್ಯಾನಕ್ಕೆ ತಕ್ಕ ಗುತ್ತಿಗೆದಾರರನ್ನು ಪಡೆಯಲು ನನಗೆ ತಿಳಿದಿರುವ ಉಪಾಯ ಇದೊಂದೇ.

ತಿಂಗಳುಗಳ ಲೆಕ್ಕ

ಮಲೆನಾಡಿನ ಅಂಚಿನ ಈ ಊರಿನಲ್ಲಿ ಸಸಿ ನೆಡಲು ಸರಿಯಾದ ಕಾಲ ಮುಂಗಾರಿನ ಆರಂಭ, ಜೂನ್. ಆ ಹೊತ್ತಿಗೆ ಬೇಲಿ, ಕಾಲುದಾರಿ, ನೀರಿನ ಕೊಳವೆಗಳ ಕೆಲಸ ಮುಗಿದಿರಬೇಕಾದರೆ ಫೆಬ್ರವರಿಯೊಳಗೆ ಕಾರ್ಯಾದೇಶ, ಎಂದರೆ ಗುತ್ತಿಗೆದಾರರಿಗೆ ಕೆಲಸ ಆರಂಭಿಸಲು ಕೊಡುವ ಆದೇಶ, ಆಗಬೇಕು; ಹಾಗಾಗಬೇಕಾದರೆ ಟೆಂಡರ್ ಡಿಸೆಂಬರಿನಲ್ಲಾದರೂ ಹೊರಬರಬೇಕು. ನಡೆಯುವುದು ಬೇರೆ. ಅನುದಾನವನ್ನು ಮಾರ್ಚ್ 31ರೊಳಗೆ ಖರ್ಚು ಮಾಡುವ ಧಾವಂತದಲ್ಲಿ ಎಲ್ಲವೂ ವರ್ಷದ ಕೊನೆಗೆ ಬಂದು ಕೂಡಿಕೊಂಡು, ಬಿಲ್ಲಿಗಾಗಿ ಸಸಿಗಳನ್ನು ಉರಿಬಿಸಿಲಿನಲ್ಲಿ ನೆಡಲಾಗುತ್ತದೆ. ಕಾಮಗಾರಿಯ ಅವಧಿಯನ್ನು ತೋರಿಸುವಾಗ ನೆಡುವ ಕೆಲಸವನ್ನು ಮಾತ್ರ ಜೂನ್–ಜುಲೈಗೆ ನಿಗದಿಪಡಿಸಿ ಎಂದು ಲಿಖಿತವಾಗಿ ಕೋರುವುದರಲ್ಲಿ ತಪ್ಪೇನೂ ಇಲ್ಲ.

ಟೆಂಡರ್ ಪ್ರಕಟಣೆಯನ್ನು ಓದುವುದು

ಕರ್ನಾಟಕದಲ್ಲಿ ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ಕಾಮಗಾರಿಗಳಿಗೆ ಅನ್ವಯಿಸುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಮತ್ತು 2000ರ ಅದರ ನಿಯಮಗಳು. ಕಚೇರಿಗಳಲ್ಲಿ ಇದನ್ನು ಕೆ.ಟಿ.ಪಿ.ಪಿ. ಎಂದೇ ಕರೆಯುತ್ತಾರೆ. ಟೆಂಡರ್‌ಗಳು ರಾಜ್ಯದ ಇ-ಸಂಗ್ರಹಣಾ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಗುತ್ತಿಗೆದಾರರು ಡಿಜಿಟಲ್ ಸಹಿ ಬಳಸಿ ಅಲ್ಲಿಯೇ ದರ ಸಲ್ಲಿಸುತ್ತಾರೆ. ಪ್ರಕಟಣೆಯನ್ನೂ ದಾಖಲೆಗಳನ್ನೂ ನೋಡಲು ನೀವು ಗುತ್ತಿಗೆದಾರರಾಗಿರಬೇಕಿಲ್ಲ. ಜಾಲತಾಣದಲ್ಲಿ ನಗರಸಭೆಯ ಹೆಸರನ್ನು ಆಯ್ದುಕೊಂಡು ಹುಡುಕಿದರೆ ಸಿಗುತ್ತದೆ.

ಪ್ರಕಟಣೆಯಲ್ಲಿ ಅಂದಾಜು ಮೊತ್ತ, ಇ.ಎಂ.ಡಿ. ಎಂಬ ಮುಂಗಡ ಠೇವಣಿ, ಕಾಮಗಾರಿಯ ಅವಧಿ, ಗುತ್ತಿಗೆದಾರರ ದರ್ಜೆ, ಕೊನೆಯ ದಿನಾಂಕ ಇವಿಷ್ಟನ್ನು ಗುರುತು ಹಾಕಿಕೊಳ್ಳಿ. ಟೆಂಡರ್ ಸಲ್ಲಿಸಲು ಕೊಡಬೇಕಾದ ಕನಿಷ್ಠ ಕಾಲಾವಕಾಶವನ್ನು ಮೊತ್ತಕ್ಕನುಗುಣವಾಗಿ ನಿಯಮವೇ ಹೇಳಿದೆ. ಅದನ್ನು ಕಡಿಮೆ ಮಾಡಬೇಕಾದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು, ಕಾರಣವನ್ನೂ ದಾಖಲಿಸಬೇಕು. ಪ್ರಕಟಣೆಯಲ್ಲಿ ಅಲ್ಪಾವಧಿ ಟೆಂಡರ್ ಎಂಬ ಪದ ಕಂಡಾಗ, ಉದ್ಯಾನದಂಥ ಕೆಲಸಕ್ಕೆ ಏನು ಅವಸರವಿತ್ತು ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಕಟಣೆಯ ಪಕ್ಕದಲ್ಲಿ ಮೀಸಲು ವರ್ಗ ಕಾಣಿಸಬಹುದು. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95ರಷ್ಟು ಕಾಮಗಾರಿಗಳನ್ನು ಮೀಸಲಿಡುವ ವ್ಯವಸ್ಥೆ ಮೊದಲು ₹50 ಲಕ್ಷದವರೆಗಿನ ಕೆಲಸಗಳಿಗಿತ್ತು, ಆಮೇಲೆ ಮಿತಿಯನ್ನು ₹1 ಕೋಟಿಗೆ ಏರಿಸಲಾಯಿತು. ಹಿಂದುಳಿದ ವರ್ಗಗಳ ಪೈಕಿ ಪ್ರವರ್ಗ-1ಕ್ಕೆ ಶೇ 4, ಪ್ರವರ್ಗ-2ಎಗೆ ಶೇ 15 ಎಂಬುದು ಅನಂತರ ಸೇರಿತು. ಬಡಾವಣೆಯ ಉದ್ಯಾನಗಳು ಬಹುತೇಕ ಈ ಮೊತ್ತದೊಳಗೇ ಬರುತ್ತವೆ. ಮೀಸಲು ಕಾಮಗಾರಿ ಎಂದೊಡನೆ ಗುಣಮಟ್ಟದ ಬಗ್ಗೆ ಪಿಸುಗುಟ್ಟುವವರು ಇದ್ದಾರೆ. ಅವರು ದಾಖಲೆ ಓದಿದವರಲ್ಲ. ಅಂದಾಜುಪಟ್ಟಿಯ ವಿವರಣೆಗಳೂ ಕೆಲಸದ ಮಟ್ಟವೂ ಎಲ್ಲರಿಗೂ ಒಂದೇ.

ಎರಡು ಲಕೋಟೆಗಳು

ಸಣ್ಣ ಕಾಮಗಾರಿಗಳಿಗೆ ಒಂದೇ ಲಕೋಟೆ ಸಾಕು: ನೋಂದಣಿ, ದರ್ಜೆ, ಠೇವಣಿ ಸರಿಯಿದ್ದರೆ ಕಡಿಮೆ ದರದವರಿಗೆ ಕೆಲಸ. ಮೊತ್ತ ದೊಡ್ಡದಾದಂತೆ ಎರಡು ಲಕೋಟೆಗಳ ಪದ್ಧತಿ ಬರುತ್ತದೆ. ಮೊದಲು ತೆರೆಯುವ ತಾಂತ್ರಿಕ ಲಕೋಟೆಯಲ್ಲಿ ಅರ್ಹತೆಯ ದಾಖಲೆಗಳಿರುತ್ತವೆ, ಅದರಲ್ಲಿ ಉತ್ತೀರ್ಣರಾದವರ ಆರ್ಥಿಕ ಲಕೋಟೆಯನ್ನು ಮಾತ್ರ ಆಮೇಲೆ ತೆರೆಯುತ್ತಾರೆ. ಹೆಸರಿಗೆ ಲಕೋಟೆಯಾದರೂ ಈಗ ಎರಡೂ ಗಣಕಯಂತ್ರದಲ್ಲೇ ತೆರೆಯುತ್ತವೆ.

ತಾಂತ್ರಿಕ ಲಕೋಟೆಯಲ್ಲಿ ಕೇಳುವುದು ಮುಖ್ಯವಾಗಿ ಮೂರು: ಹಿಂದಿನ ವರ್ಷಗಳ ವಹಿವಾಟು, ಇದೇ ಬಗೆಯ ಕಾಮಗಾರಿಯನ್ನು ಮುಗಿಸಿದ ಅನುಭವ, ಟೆಂಡರ್ ಸಾಮರ್ಥ್ಯ. ಮೂರನೆಯದು ಹಲವರಿಗೆ ಒಗಟಾಗಿ ಕಾಣುವುದರಿಂದ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ರಾಜ್ಯದ ದೊಡ್ಡ ಕಾಮಗಾರಿಗಳ ಮಾದರಿ ದಾಖಲೆಯಲ್ಲಿ ಬಳಸುವ ಸೂತ್ರದ ಪ್ರಕಾರ, ಕಳೆದ 5 ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಗುತ್ತಿಗೆದಾರರು ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತವನ್ನು ಈ ಕಾಮಗಾರಿಯ ಅವಧಿಯಿಂದ (ವರ್ಷಗಳಲ್ಲಿ) ಗುಣಿಸಿ, ಮತ್ತೆ 1.5ರಿಂದ ಗುಣಿಸಿ, ಅದೇ ಅವಧಿಯಲ್ಲಿ ಅವರು ಮಾಡಿಕೊಡಬೇಕಾದ ಇತರ ಕೆಲಸಗಳ ಮೊತ್ತವನ್ನು ಕಳೆಯಬೇಕು. ಒಬ್ಬರ ಅತ್ಯುತ್ತಮ ವರ್ಷದ ಕೆಲಸ ₹80 ಲಕ್ಷ ಎನ್ನೋಣ. ಉದ್ಯಾನದ ಅವಧಿ 6 ತಿಂಗಳು, ಎಂದರೆ 0.5 ವರ್ಷ. 80ನ್ನು 0.5ರಿಂದ, ಬಂದದ್ದನ್ನು 1.5ರಿಂದ ಗುಣಿಸಿದರೆ 60. ಅವರ ಕೈಯಲ್ಲಿ ಆ 6 ತಿಂಗಳಿಗೆ ₹35 ಲಕ್ಷದ ಬೇರೆ ಕೆಲಸಗಳಿದ್ದರೆ ಉಳಿಯುವ ಸಾಮರ್ಥ್ಯ ₹25 ಲಕ್ಷ. ಉದ್ಯಾನದ ಅಂದಾಜು ₹40 ಲಕ್ಷವಾಗಿದ್ದರೆ ಅವರು ಅನರ್ಹರು, ಎಷ್ಟೇ ಕಡಿಮೆ ದರ ಹಾಕಿದ್ದರೂ ಸರಿಯೇ. ಕೈತುಂಬ ಕೆಲಸ ಹಿಡಿದುಕೊಂಡು ಒಂದನ್ನೂ ಮುಗಿಸದವರನ್ನು ತಡೆಯಲು ಈ ಸೂತ್ರವಿದೆ. ಆದರೆ ಕೈಯಲ್ಲಿರುವ ಕೆಲಸಗಳ ಪಟ್ಟಿಯನ್ನು ಗುತ್ತಿಗೆದಾರರೇ ಕೊಡುವುದರಿಂದ, ಆ ಪಟ್ಟಿಯಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಪರಿಶೀಲಿಸುವವರ ಶ್ರದ್ಧೆಯ ಮೇಲೆ ಎಲ್ಲವೂ ನಿಂತಿದೆ.

ಇದೇ ಬಗೆಯ ಕಾಮಗಾರಿ ಎಂಬ ಪದಗುಚ್ಛವನ್ನು ಟೆಂಡರ್ ದಾಖಲೆ ಹೇಗೆ ವಿವರಿಸಿದೆ ಎಂಬುದನ್ನು ತಪ್ಪದೆ ನೋಡಿ. ಕಟ್ಟಡ, ರಸ್ತೆ ಅಥವಾ ಯಾವುದೇ ಸಿವಿಲ್ ಕೆಲಸ ಎಂದಿದ್ದರೆ ಬಾಗಿಲು ಎಲ್ಲರಿಗೂ ತೆರೆದಂತೆ. ನಿರ್ದಿಷ್ಟ ಕಂಪನಿಯ ಆಟದ ಸಲಕರಣೆ ಅಳವಡಿಸಿದ ಅನುಭವ ಎಂದಿದ್ದರೆ ಒಬ್ಬರಿಗಾಗಿ ಹೊಲಿದ ಅಂಗಿಯಂತೆ. ಉದ್ಯಾನ ಅಥವಾ ಭೂದೃಶ್ಯ ಅಭಿವೃದ್ಧಿ ಎಂಬುದು ಇವೆರಡರ ನಡುವಣ ಹದವಾದ ಮಾತು.

ದರಗಳ ಲಕೋಟೆ ತೆರೆದ ಮೇಲೆ ಅತಿ ಕಡಿಮೆ ದರದವರನ್ನು ಎಲ್-1 ಎಂದು ಗುರುತಿಸುತ್ತಾರೆ. ಅಂದಾಜಿಗಿಂತ ಬಹಳ ಕೆಳಗೆ ದರ ಹಾಕಿದವರಿಂದ ದರ ವಿಶ್ಲೇಷಣೆ ಕೇಳಿ, ಹೆಚ್ಚುವರಿ ಭದ್ರತಾ ಠೇವಣಿ ಪಡೆಯಲು ಅವಕಾಶವಿದೆ. ಉದ್ಯಾನದ ಮಟ್ಟಿಗೆ ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು: ಒಟ್ಟು ದರ ಸರಿಯೆನಿಸಿದರೂ ನಿರ್ವಹಣೆಯ ಸಾಲಿಗೆ ತಿಂಗಳಿಗೆ ನೂರೋ ಇನ್ನೂರೋ ಹಾಕಿ, ಬೇಲಿಯ ಸಾಲಿನಲ್ಲಿ ಅದನ್ನು ತುಂಬಿಕೊಂಡಿರುತ್ತಾರೆ. ಬೇಲಿಯ ಬಿಲ್ಲು ಮೊದಲೇ ಕೈಗೆ ಬರುವುದರಿಂದ ನಿರ್ವಹಣೆಗೆ ಅವರು ತಿರುಗಿ ನೋಡುವ ಅಗತ್ಯವೇ ಇರುವುದಿಲ್ಲ.

ಟೆಂಡರ್ ಅಂಗೀಕಾರವಾದಾಗ ಆಯ್ಕೆಯಾದವರ ಹೆಸರನ್ನೂ ಉಳಿದವರನ್ನು ತಿರಸ್ಕರಿಸಿದ ಕಾರಣಗಳನ್ನೂ ಟೆಂಡರ್ ಪ್ರಕಟಣಾ ಪತ್ರಿಕೆಯ ಅಧಿಕಾರಿಗೆ ತಿಳಿಸಬೇಕೆಂಬುದು ಕಾಯ್ದೆಯ ಕಲಂ 13ರಲ್ಲಿದೆ. ಆದೇಶದಿಂದ ಬಾಧಿತರಾದ ಟೆಂಡರ್‌ದಾರರು ಕಲಂ 16ರಡಿ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ಈ ದಾರಿ ನಿವಾಸಿಗಳಿಗಿಲ್ಲ. ನಮ್ಮದು ಮಾಹಿತಿ ಹಕ್ಕಿನ ಅರ್ಜಿ, ಜಿಲ್ಲಾಧಿಕಾರಿಗೆ ಮನವಿ, ಅಕ್ರಮದ ಆಧಾರವಿದ್ದರೆ ಲೋಕಾಯುಕ್ತ.

ಟೆಂಡರ್ ಇಲ್ಲದೆಯೂ ಕೆಲಸ ಆಗಬಹುದು

ಎಷ್ಟು ಹುಡುಕಿದರೂ ಜಾಲತಾಣದಲ್ಲಿ ನಿಮ್ಮ ಉದ್ಯಾನದ ಟೆಂಡರ್ ಸಿಗದಿದ್ದರೆ ಎರಡು ಸಾಧ್ಯತೆಗಳಿವೆ. ಕಾಯ್ದೆಯ ಕಲಂ 4(ಜಿ) ಅಡಿಯಲ್ಲಿ ಸರ್ಕಾರ ವಿನಾಯಿತಿ ಕೊಟ್ಟು, ಸರ್ಕಾರಿ ನಿರ್ಮಾಣ ಸಂಸ್ಥೆಗಳಾದ ನಿರ್ಮಿತಿ ಕೇಂದ್ರಕ್ಕೋ ಕೆ.ಆರ್.ಐ.ಡಿ.ಎಲ್.ಗೋ (ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ) ನೇರವಾಗಿ ವಹಿಸಿರಬಹುದು. ಈ ನಿಗಮವನ್ನು ಹಳಬರು ಇಂದಿಗೂ ಭೂಸೇನೆ ಎಂದೇ ಕರೆಯುತ್ತಾರೆ. ಇದು ಕಾನೂನುಬದ್ಧವಾದರೂ ಸ್ಪರ್ಧೆ ಇರುವುದಿಲ್ಲ. ನಿವಾಸಿಗಳು ಸಂಸ್ಥೆಯ ಅಂದಾಜುಪಟ್ಟಿಯನ್ನೇ ಹಿಡಿದು ಕೂರಬೇಕು. ಇನ್ನೊಂದು ಸಾಧ್ಯತೆ, ಕಾಮಗಾರಿಯನ್ನು ತುಂಡು ಮಾಡಿರುವುದು. ಬೇಲಿಯೊಂದು, ಕಾಲುದಾರಿಯೊಂದು, ದೀಪವೊಂದು, ವ್ಯಾಯಾಮದ ಸಲಕರಣೆಯೊಂದು ಎಂದು ಬೇರೆ ಬೇರೆ ಕಡತಗಳಾಗಿ, ಪ್ರತಿಯೊಂದೂ ಟೆಂಡರ್ ಬೇಡದ ಸಣ್ಣ ಮೊತ್ತದೊಳಗೆ ಬರುವಂತೆ ಹಂಚಿದ್ದರೆ ಅದು ಕಾಯ್ದೆಯ ಉದ್ದೇಶಕ್ಕೇ ವಿರುದ್ಧ. ದೀಪದ ಕೆಲಸಕ್ಕೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರು ಬೇಕಾದ್ದರಿಂದ ಅದನ್ನು ಬೇರ್ಪಡಿಸುವುದಕ್ಕೆ ಕಾರಣ ಕೊಡಬಹುದು; ಒಂದೇ ಬೇಲಿಯನ್ನು ಪೂರ್ವ, ಪಶ್ಚಿಮ ಎಂದು ಎರಡು ಕಾಮಗಾರಿ ಮಾಡುವುದಕ್ಕೆ ಕೊಡಲಾಗದು.

ಮಾಹಿತಿ ಹಕ್ಕಿನ ಅರ್ಜಿ

ಟೆಂಡರ್ ಮೌಲ್ಯಮಾಪನ ನಡೆಯುತ್ತಿರುವಾಗ ಅರ್ಜಿ ಹಾಕಿದರೆ ವಾಣಿಜ್ಯ ಗೋಪ್ಯತೆಯ ಹೆಸರಿನಲ್ಲಿ ನಿರಾಕರಿಸಬಹುದು, ಆದ್ದರಿಂದ ಕಾರ್ಯಾದೇಶ ಆಗುವವರೆಗೆ ಕಾಯುವುದು ಜಾಣತನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ ₹10, ಉತ್ತರಕ್ಕೆ 30 ದಿನ. ಉದ್ಯಾನಕ್ಕೆ ಖರ್ಚಾದ ಎಲ್ಲ ಮಾಹಿತಿ ಕೊಡಿ ಎಂದು ಬರೆದರೆ ಮಾಹಿತಿ ಸ್ಪಷ್ಟವಾಗಿಲ್ಲ ಎಂಬ ಉತ್ತರ ಬರುವುದು ಖಚಿತ. ಕಾಮಗಾರಿಯ ಹೆಸರು, ಕಾರ್ಯಾದೇಶದ ಸಂಖ್ಯೆ ಬರೆದು, ಮಂಜೂರಾದ ಅಂದಾಜುಪಟ್ಟಿ, ದರಗಳ ತುಲನಾತ್ಮಕ ಪಟ್ಟಿ, ಕರಾರುಪತ್ರ, ಮುಗಿದ ಕೆಲಸದ ಅಳತೆಗಳನ್ನು ಅಭಿಯಂತರರು ದಾಖಲಿಸುವ ಅಳತೆ ಪುಸ್ತಕದ ಸಂಬಂಧಿತ ಪುಟಗಳು ಎಂದು ದಾಖಲೆಗಳ ಹೆಸರನ್ನೇ ಕೇಳಿ.

ಕಾರ್ಯಾದೇಶದ ನಂತರ

ಕೆಲಸದ ದಿನಗಳಲ್ಲಿ ನಿವಾಸಿಗಳು ಮಾಡಬೇಕಾದದ್ದು ಹೆಚ್ಚಿಲ್ಲ. ಅಂದಾಜುಪಟ್ಟಿಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು, ಮುಚ್ಚಿಹೋಗುವ ಕೆಲಸಗಳಾದ ಅಡಿಪಾಯ, ನೀರಿನ ಕೊಳವೆ, ಸಸಿಯ ಗುಂಡಿಗಳನ್ನು ಮುಚ್ಚುವ ಮುನ್ನ ಟೇಪು ಹಿಡಿದ ಚಿತ್ರ ತೆಗೆದಿಡಿ. ಕೆಲಸಗಾರರೊಂದಿಗೆ ವಾಗ್ವಾದಕ್ಕೆ ಇಳಿಯಬೇಡಿ. ಹೇಳುವುದನ್ನು ಅಭಿಯಂತರರಿಗೆ ಹೇಳಿ.

ಗುತ್ತಿಗೆದಾರರ ಭದ್ರತಾ ಠೇವಣಿಯೂ ಬಿಲ್ಲುಗಳಿಂದ ಹಿಡಿದಿಟ್ಟ ಹಣವೂ ದೋಷ ಹೊಣೆಗಾರಿಕೆಯ ಅವಧಿ (ಕೆಲಸದಲ್ಲಿ ಕಂಡ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಮುಗಿಯುವವರೆಗೆ ನಗರಸಭೆಯಲ್ಲಿಯೇ ಇರುತ್ತದೆ. ಕರಾರುಪತ್ರದಲ್ಲಿ ಆ ಅವಧಿ ಯಾವ ದಿನ ಮುಗಿಯುತ್ತದೆಂದು ನೋಡಿ, ಮನೆಯ ಕ್ಯಾಲೆಂಡರಿನಲ್ಲಿ ಅದಕ್ಕೆ 2 ತಿಂಗಳ ಮುಂಚಿನ ದಿನಕ್ಕೆ ಗುರುತು ಹಾಕಿಕೊಳ್ಳಿ. ಆ ದಿನ ನಾಲ್ಕು ಜನ ಸೇರಿ ಸಸಿಗಳನ್ನು ಎಣಿಸಿ, ಮುರಿದ ಜೋಕಾಲಿ, ಉರಿಯದ ದೀಪ, ಕುಸಿದ ಕಾಲುದಾರಿಗಳ ಚಿತ್ರ ಲಗತ್ತಿಸಿ, ಇವನ್ನು ಸರಿಪಡಿಸುವವರೆಗೆ ಠೇವಣಿ ಬಿಡುಗಡೆ ಮಾಡಬಾರದೆಂದು ಪೌರಾಯುಕ್ತರಿಗೆ ಪತ್ರ ಕೊಡಿ. ನಮ್ಮ ಪತ್ರ ತಲುಪಿದ್ದು ಠೇವಣಿ ಬಿಡುಗಡೆಯಾದ 3 ವಾರಗಳ ನಂತರ.